ಸೇಫ್ಟಿ ಆಫೀಸರರ ಹಾವು

ಸೌದಿಯ ಜುಬೈಲಿನ ಒಂದು ಲೇಬರ್ ಕ್ಯಾಂಪಿನ ಕ್ಲಿನಿಕ್ಕಿನಲ್ಲಿ ನಾನು ನರ್ಸ್. ಜ್ವರ, ಬೆನ್ನುನೋವುಗಳ ನಡುವೆ ತಿಂಗಳಿಗೊಮ್ಮೆಯಾದರೂ ಯಾವ ನರ್ಸಿಂಗ್ ಕಾಲೇಜಿನಲ್ಲೂ ಹೇಳಿಕೊಡದ ಕೇಸು ಬಂದೇ ಬರುತ್ತದೆ. ಹಾವು ಬಂದದ್ದು ಮಾತ್ರ ಒಂದೇ ಸಲ.

ತಂದವರು ನಮ್ಮ ಸೇಫ್ಟಿ ಆಫೀಸರ್, ಮೈಸೂರಿನವರು. ಸೀನಿದರೂ ಫಾರಂ ತುಂಬಿಸುವ ಮನುಷ್ಯ. ಗೇಟಿನ ಬಳಿ ಇರುವ 'ಯಾರಿಗೂ ಗಾಯವಾಗದ ದಿನಗಳು' ಎಂಬ ಬೋರ್ಡಿನ ಅಂಕಿಯನ್ನು ದಿನಾ ಬೆಳಿಗ್ಗೆ ಸ್ವತಃ ಬದಲಿಸುತ್ತಿದ್ದರು. ಐನೂರು ಮುಟ್ಟಿದರೆ ಇಡೀ ಕ್ಯಾಂಪಿಗೆ ಔತಣ, ಅನ್ನದ ಮೇಲೆ ಇಡಿಯ ಕುರಿ ಎಂದು ಕಂಪನಿ ಹೇಳಿತ್ತು. ಆಗ ನಾನೂರ ಅರವತ್ತು ದಾಟಿತ್ತು.

೧. ತಲೆ ನಿಯಂತ್ರಣದಲ್ಲಿದೆ

ಸ್ಟೋರಿನ ಅಂಗಳದಲ್ಲಿ ಸಾಮಾನು ಪೇರಿಸುವ ಮರದ ಪ್ಯಾಲೆಟ್ಟಿನ ಅಡಿಗೆ ಸಿಕ್ಕಿ ನಡುಮೈಗೆ ಗಾಯ ಮಾಡಿಕೊಂಡಿದ್ದ, ಮೊಳದುದ್ದದ ಮಣ್ಣುಮುಕ್ಕ ಹಾವು ಅದು. ವಿಷವಿಲ್ಲ. ಇದರ ಗಾಯ ಬೋರ್ಡಿಗೆ ಲೆಕ್ಕವೇ ಎಂಬುದೇ ಆಫೀಸರರ ಮೊದಲ ಚಿಂತೆ. ನಿಯಮದ ಪುಸ್ತಕ ತೆರೆದು, ನೌಕರರ ಗಾಯ ಮಾತ್ರ ಲೆಕ್ಕ ಎಂದು ಓದಿದ ಮೇಲೆಯೇ ಹಾವನ್ನು ಮೇಜಿನ ಮೇಲಿಟ್ಟರು.

ನಾನು ತಲೆ ಹಿಡಿಯುವುದು, ಅವರು ಬಾಲವನ್ನು ಅಂಗೈಯಲ್ಲಿಟ್ಟುಕೊಂಡು ಗಾಯ ತೊಳೆಯುವುದು ಎಂದಾಯಿತು. ಮೊದಲು ಫಾರಮ್ಮಿನಲ್ಲಿ 'ತಲೆ ನಿಯಂತ್ರಣದಲ್ಲಿದೆ' ಎಂದು ಬರೆದರು. ಮಣ್ಣುಮುಕ್ಕನಿಗೆ ಎರಡು ತುದಿಯೂ ಒಂದೇ ಥರ ಮೊಂಡು. ಅರ್ಧ ತೊಳೆದಾಗ ಅವರ ಅಂಗೈಯಲ್ಲಿದ್ದ ಬಾಲ ನಾಲಿಗೆ ಹೊರಚಾಚಿತು. ಅವರು ಹಾವನ್ನು ಬಿಡಲಿಲ್ಲ. ಇನ್ನೊಂದು ಕೈಯಲ್ಲಿ ಪೆನ್ನು ತೆಗೆದು, 'ತಲೆ'ಯನ್ನು ಹೊಡೆದುಹಾಕಿ 'ಬಾಲ' ಎಂದು ತಿದ್ದಿದರು.

೨. ಹಾರಲು ಬಿಡಬೇಡಿ

ಮರುದಿನ ಪ್ರಾಣಿಗಳ ಆಸ್ಪತ್ರೆಗೆ ಒಯ್ದೆವು. ಅಲ್ಲಿನ ಕಂಪ್ಯೂಟರಿನಲ್ಲಿ ಒಂಟೆ, ಕುದುರೆ, ಬೆಕ್ಕು, ಗಿಡುಗ ಇಷ್ಟೇ ಇದ್ದದ್ದು. ರಿಸೆಪ್ಷನಿನವನು ಹಾವನ್ನು ನೋಡಿ, ಸ್ವಲ್ಪ ಯೋಚಿಸಿ, ಗಿಡುಗ ಎಂದು ಒತ್ತಿದ. ಡಾಕ್ಟರು ನಾಲ್ಕು ಹೊಲಿಗೆ ಹಾಕಿ ಮುಲಾಮು ಕೊಟ್ಟರು. ಕಂಪ್ಯೂಟರು ಸೂಚನೆಯ ಹಾಳೆ ಕೊಟ್ಟಿತು: 'ಗಾಯ ಒಣಗುವ ತನಕ ಹಾರಲು ಬಿಡಬೇಡಿ.'

ಲಿಖಿತ ಸೂಚನೆ ಎಂದ ಮೇಲೆ ಮುಗಿಯಿತು. ಕ್ಲಿನಿಕ್ಕಿನ ಒಳಕೋಣೆಯಲ್ಲಿ ಹಾವಿಟ್ಟ ಮರಳಿನ ಡಬ್ಬಿಗೆ ಆಫೀಸರ್ ಅದನ್ನು ಅಂಟಿಸಿದರು. ಮಂಗಳೂರು ಕಡೆಯ ನಮ್ಮ ಕ್ಯಾಂಪ್ ಬಾಸ್ ಬಂದು ಓದಿ, ನನ್ನನ್ನು ಮೂಲೆಗೆ ಕರೆದರು.

"ಇದು ಹಾರ್ತದಾ ಮಾರಾಯ?"

ಇಲ್ಲ ಎಂದು ನಾನು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಅಂದಿನಿಂದ ಬಿಪಿ ನೋಡಿಸಲಿಕ್ಕೂ ಹೆಲ್ಮೆಟ್ ಹಾಕಿಕೊಂಡು ಬಂದರು. ಆಫೀಸರ್ ಅವರನ್ನು ಎಲ್ಲರ ಎದುರು ಹೊಗಳಿದರು.

೩. ಔತಣ

ಗಾಯವೇನೋ ಒಣಗಿತು, ಆದರೆ ಹಾವು ಊಟ ಮುಟ್ಟಲಿಲ್ಲ. ಇನ್ನೊಂದು ವಾರ ಹೀಗೇ ಇದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ಆಫೀಸರರ ಮುಖ ನೋಡಲಾಗುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಗಂಟೆಗೊಮ್ಮೆ ಡಬ್ಬಿಯೊಳಗೆ ಇಣುಕತೊಡಗಿದೆ. ದಿನಾ ಮುಲಾಮು ಹಚ್ಚಿದ್ದು ನಾನೇ ತಾನೆ.

ನಾನೂರ ತೊಂಬತ್ತೊಂಬತ್ತನೆಯ ದಿನ ಅವರು ಪೆಟ್ ಅಂಗಡಿಯಿಂದ ಒಂದು ಪುಟ್ಟ ಬಿಳಿ ಇಲಿ ತಂದರು. ಡಬ್ಬಿಗೆ ಬಿಡುವಾಗ ಅದು ಅವರ ಬೆರಳನ್ನು ಕಚ್ಚಿಯೇ ಬಿದ್ದಿತು. ರಕ್ತ ಬಂತು. ನಾನು ಟಿಟಿ ಇಂಜೆಕ್ಷನ್ ಚುಚ್ಚಿದೆ. ಇಂಜೆಕ್ಷನ್ ಕೊಟ್ಟರೆ ಅದು ಬೋರ್ಡಿಗೆ ಲೆಕ್ಕದ ಗಾಯ ಎಂಬ ನಿಯಮ ಬರೆದವರು ಅವರೇ.

ಯಾರೂ ನೋಡಿಲ್ಲವಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. ಹೆಲ್ಮೆಟ್ ಧರಿಸಿ ನಿಂತಿದ್ದ ಕ್ಯಾಂಪ್ ಬಾಸ್ ಕೈಮುಗಿದರು. "ಒಂದು ದಿನ ಸುಮ್ಮನಿರಿ ಮಾರಾಯ್ರೆ, ಕುರಿಗೆ ಹೇಳಿ ಆಗಿದೆ."

"ನಾನೇ ಬರೀದಿದ್ರೆ ಇನ್ಯಾರ್ರೀ ಬರೀತಾರೆ?" ಎಂದ ಆಫೀಸರ್ ಫಾರಂ ತುಂಬಿಸಿದರು. ಗಾಯಕ್ಕೆ ಕಾರಣ: ಇಲಿ. ಮುಂದೆ ವಹಿಸಬೇಕಾದ ಎಚ್ಚರ: ಕೈಗವಸು. ಆಮೇಲೆ ಬ್ಯಾಂಡೇಜ್ ಸುತ್ತಿದ ಬೆರಳಿನಿಂದಲೇ ಗೇಟಿನ ಬೋರ್ಡಿಗೆ ಸೊನ್ನೆ ಹಾಕಿದರು. ಕೆಲಸದಿಂದ ಬಸ್ಸಿನಲ್ಲಿ ಬಂದಿಳಿದವರೆಲ್ಲ ಅದನ್ನು ನೋಡಿ ಅವರನ್ನು ನೋಡಿದರು.

ಆ ನೋಟ ತಪ್ಪಿಸಿಕೊಂಡು ನಾನೂ ಆಫೀಸರರೂ ಕ್ಲಿನಿಕ್ಕಿನ ಒಳಕೋಣೆಗೆ ಓಡಿಬಂದೆವು. ಹಾವಿನ ಬಾಯಿಂದ ಇಲಿಯ ಬಾಲದ ತುದಿ ಮಾತ್ರ ಕಾಣುತ್ತಿತ್ತು.

"ಊಟ ಮಾಡ್ತು ಕಣ್ರೀ," ಎಂದು ಆಫೀಸರ್ ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

ಐನೂರು ದಿನದ ಔತಣವನ್ನು ಇಡೀ ಕ್ಯಾಂಪಿನಲ್ಲಿ ಉಂಡದ್ದು ಆ ಹಾವೊಂದೇ.