ಹಳೇ ಲ್ಯಾಪ್‌ಟಾಪಿಗೆ ಹೊಸ ಮಿದುಳು ಹಾಕಿಸಿದ್ದು

ಕೆಟ್ಟು ನಿಂತದ್ದನ್ನು ರಿಪೇರಿ ಮಾಡುವವರು ಓಣಿಗೊಬ್ಬರು ಸಿಗುತ್ತಾರೆ. ಸುಮ್ಮನೆ ನಡೆದುಕೊಂಡು ಹೋಗುತ್ತಿರುವುದನ್ನು ಹಿಡಿದು ರಿಪೇರಿ ಮಾಡುವವರು ಅಪರೂಪ. ಆ ಅಪರೂಪದವರಲ್ಲಿ ನಾನೂ ಒಬ್ಬನೆಂದು ಒಪ್ಪಿಕೊಳ್ಳಲು ಈಗ ನನಗೆ ನಾಚಿಕೆಯಿಲ್ಲ. ನಾಚುವ ಕೆಲಸವನ್ನು ಮನೆಯವರು ನನ್ನ ಪರವಾಗಿ ಎಂದೋ ಮಾಡಿ ಮುಗಿಸಿದ್ದಾರೆ. ಚೆನ್ನಾಗಿ ಕೂಗುತ್ತಿದ್ದ ಕುಕ್ಕರಿನ ಸೀಟಿಯನ್ನು ಬಿಚ್ಚಿ ತೊಳೆದು, ಅದು ಮತ್ತೆಂದೂ ಬಾಯಿ ಬಿಡದಂತೆ ಮಾಡಿದವನು ನಾನು. ಬಾಗಿಲ ಚಿಲಕಕ್ಕೆ ಎಣ್ಣೆ ಬಿಟ್ಟು, ಅದು ಒಳಗಿನಿಂದ ತಾನೇ ಜಾರಿ ಬಿದ್ದು, ಮನೆಮಂದಿಯೆಲ್ಲ ಅರ್ಧ ದಿನ ಅಂಗಳದಲ್ಲಿ ಕೂರುವಂತೆ ಮಾಡಿದವನೂ ನಾನೇ. ಮೇಲಾಗಿ ನಾನು ಕಾಲೇಜಿನಲ್ಲಿ ಭೌತಶಾಸ್ತ್ರದ ಮಾಸ್ತರ. ಏನು ಕೆಡಿಸಿದರೂ ಅದಕ್ಕೊಂದು ಸಿದ್ಧಾಂತ ನನ್ನ ಹತ್ತಿರ ತಯಾರಿರುತ್ತದೆ.

ಎರಡು ಸಾವಿರದ ಏಳೋ ಎಂಟೋ ಇರಬೇಕು. ನಾವಿರುವುದು ನವನಗರದಲ್ಲಿ, ಹುಬ್ಬಳ್ಳಿಯವರು ನಮ್ಮನ್ನು ಧಾರವಾಡದವರೆಂದೂ, ಧಾರವಾಡದವರು ಹುಬ್ಬಳ್ಳಿಯವರೆಂದೂ ತಿಳಿದು ಇಬ್ಬರೂ ಕೈಬಿಟ್ಟಿರುವ ಜಾಗ. ಸಹೋದ್ಯೋಗಿಯೊಬ್ಬರು ಹೊಸದು ಕೊಂಡಾಗ ಅವರ ಹಳೇ ಲ್ಯಾಪ್‌ಟಾಪ್ ನಮ್ಮ ಮನೆಗೆ ಬಂದು ಮೂರ್ನಾಲ್ಕು ವರ್ಷವಾಗಿತ್ತು. ತಂದವನು ನಾನು, ಬಳಸುವವಳು ನನ್ನ ಹೆಂಡತಿ ಶೈಲಾ. ಅವಳು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಾಳೆ. ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವ ಬೀಸುವ ಪದಗಳ ಮೇಲೆ ಪಿಎಚ್.ಡಿ. ಮಾಡುತ್ತೇನೆಂದು ಹೆಸರು ಹಚ್ಚಿ ಏಳು ವರ್ಷ ಕಳೆದಿತ್ತು. ಭಾನುವಾರಗಳಂದು ಕೆಲಗೇರಿಯ ಮುದುಕಿಯರ ಮನೆ ಮನೆ ತಿರುಗಿ ಹಾಡು ಬರೆದುಕೊಂಡು ಬಂದಿದ್ದಳು. ನಡುವೆ ಒಂದು ಬಾಣಂತನ, ಒಂದು ಜನಗಣತಿ, ಹೊರೆ ಹೊರೆ ಉತ್ತರಪತ್ರಿಕೆ. ವಿಶ್ವವಿದ್ಯಾಲಯ ಎರಡು ಸಲ ಅವಧಿ ಹೆಚ್ಚಿಸಿ, ಇನ್ನು ಆಗದು ಎಂದು ಪತ್ರ ಬರೆದಿತ್ತು. ಆ ತಿಂಗಳ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು, ಏಳು ವರ್ಷವೂ ನೀರಿನಲ್ಲಿ ಹೋಮ.

ಪ್ರಬಂಧವೆಲ್ಲ ಇದ್ದದ್ದು ಆ ಲ್ಯಾಪ್‌ಟಾಪಿನಲ್ಲಿ. ಅದೋ, ವರ್ಷದಿಂದ ವರ್ಷಕ್ಕೆ ನಿಧಾನವಾಗುತ್ತಿತ್ತು. ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಎದ್ದು ಹೋಗಿ ಸಾರಿಗೆ ಒಗ್ಗರಣೆ ಕೊಟ್ಟು ಬರಬಹುದಿತ್ತು. ಶೈಲಾ ಹಾಗೆಯೇ ಮಾಡುತ್ತಿದ್ದಳು. ಮೂರನೆಯ ಅಧ್ಯಾಯ ಮತ್ತು ಆ ವರ್ಷದ ಹುಣಸೆ ತೊಕ್ಕು ಒಟ್ಟಿಗೇ ಮುಗಿದವು. ಅವಳಿಗೆ ದೂರೇನೂ ಇರಲಿಲ್ಲ. ದೂರು ಇದ್ದದ್ದು ನನಗೆ. ಲ್ಯಾಪ್‌ಟಾಪಿನ ಮಿದುಳು ಎಂದರೆ ಪ್ರೊಸೆಸರ್, ಹಳೆಯದನ್ನು ತೆಗೆದು ಚುರುಕಿನದನ್ನು ಕೂರಿಸಬಹುದು ಎಂದು ನಾನು ಎಲ್ಲೋ ಓದಿಬಿಟ್ಟಿದ್ದೆ. ಓದಿದ್ದನ್ನು ಊಟಕ್ಕೆ ಕೂತಾಗ ಹೇಳಿದೆ. ಶೈಲಾ ಬಡಿಸುವುದನ್ನು ನಿಲ್ಲಿಸಿದಳು.

"ಕೈ ಮುಗೀತೇನ್ರಿ, ಇದೊಂದು ತಿಂಗಳು ಅದಕ್ಕ ಕೈ ಹಚ್ಚಬ್ಯಾಡ್ರಿ. ಅದರ ಪಾಡಿಗೆ ಅದು ನಡದದ, ನನ್ನ ಪಾಡಿಗೆ ನಾ ನಡದೇನಿ."

ಬೇಡವೆಂದದ್ದನ್ನು ಮಾಡಿ ಮುಗಿಸಿ, ಆಮೇಲೆ ಮೆಚ್ಚಿಸುವುದೇ ದಾಂಪತ್ಯ ಎಂದು ನಾನು ಆಗ ನಂಬಿದ್ದೆ. ಒಂದು ಶನಿವಾರ ಬೆಳಿಗ್ಗೆ ಅವಳು ಶಾಲೆಗೆ ಹೋದೊಡನೆ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಗೋಕುಲ ರಸ್ತೆಗೆ ಹೋದೆ. ಅಲ್ಲಿ ಒಂದು ಮಹಡಿಯ ಮೇಲೆ ದಾದಾಪೀರನ ರಿಪೇರಿ ಅಂಗಡಿ. ಮಿತಭಾಷಿ, ಕೈ ಬಹಳ ಸೂಕ್ಷ್ಮ. ನಾನು ಮೊದಲೇ ಹೇಳಿಟ್ಟಿದ್ದರಿಂದ ಪ್ರೊಸೆಸರ್ ತರಿಸಿಟ್ಟಿದ್ದ. ನಾನು ಕೆಳಗಿಳಿದು ಚಹಾ ಕುಡಿದು, ಪರಿಚಯದವರೊಬ್ಬರ ಜೊತೆ ಹಾಳುಹರಟೆ ಮುಗಿಸಿ ಬರುವಷ್ಟರಲ್ಲಿ ಕೆಲಸ ಆಗಿತ್ತು. ಕೊಡುವಾಗ ಯಾಕೋ ಎರಡೂ ಕೈಯಿಂದ, ಪ್ರಸಾದ ಕೊಟ್ಟ ಹಾಗೆ ಕೊಟ್ಟ. ಸಂಭಾವಿತ ಮನುಷ್ಯ ಎಂದುಕೊಂಡೆ.

ಅಂದು ಮಧ್ಯಾಹ್ನ ಮೊದಲ ಹತ್ತು ನಿಮಿಷ ನನ್ನ ಜೀವನದ ಉತ್ತಮ ಹತ್ತು ನಿಮಿಷ. ಅಕ್ಷರಗಳು ಬೆರಳಿಗಿಂತ ಮುಂದೆ ಓಡಿದವು. ಶೈಲಾ ಬೈಯಬೇಕೆಂದು ಬಾಯಿ ತೆರೆದವಳು ಹಾಗೇ ನಕ್ಕಳು. ನಾನು ಪಡಸಾಲೆಯಲ್ಲಿ ಮಗಳ ಮದುವೆ ಮುಗಿಸಿದವನ ಹಾಗೆ ಅಡ್ಡಾಡಿದೆ. ಹನ್ನೊಂದನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು. ಆರಿದ್ದನ್ನು ಹೊತ್ತಿಸಿದರೆ ಮತ್ತೆ ಹನ್ನೊಂದು ನಿಮಿಷ, ಮತ್ತೆ ಕಪ್ಪು. ದಾದಾಪೀರನ ಅಂಗಡಿಗೆ ಹೋದರೆ ಬೀಗ. ಊರಿಗೆ ಹೋಗಿದ್ದಾನೆ, ವಾರದ ನಂತರ ಬರುತ್ತಾನೆ ಎಂದರು. ಆ ವಾರವೆಲ್ಲ ಶೈಲಾ ಹನ್ನೊಂದು ಹನ್ನೊಂದು ನಿಮಿಷದ ಕಂತಿನಲ್ಲಿ ಕೊನೆಯ ಅಧ್ಯಾಯ ಬರೆದಳು. ಒಮ್ಮೆ ಎರಡು ಪುಟ ಉಳಿಸುವ ಮೊದಲೇ ಹೋದವು. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕಪ್ಪು ಪರದೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿದೆ. ನನ್ನ ಹತ್ತಿರ ಸಿದ್ಧಾಂತ ಯಾವುದೂ ಉಳಿಯಲಿಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

ಹನ್ನೆರಡು ದಿನ ಉಳಿದಿದ್ದಾಗ ದಾದಾಪೀರ ಸಿಕ್ಕ. ಈ ಸಲ ಶೈಲಾಳೂ ಬಂದಳು. ಲ್ಯಾಪ್‌ಟಾಪನ್ನು ನನ್ನ ಕೈಗೆ ಕೊಡದೆ ತಾನೇ ಮಡಿಲಲ್ಲಿಟ್ಟುಕೊಂಡಿದ್ದಳು. ದಾದಾಪೀರ ನಮ್ಮೆದುರಿಗೇ ಅದನ್ನು ಬಿಚ್ಚಿದ. ಒಳಗೆ ಬಿಸಿ ಹೊರಹಾಕಲಿಕ್ಕೆ ಅಂಗೈಗಿಂತ ಚಿಕ್ಕದೊಂದು ಫ್ಯಾನ್ ಇರುತ್ತದೆ. ನಮ್ಮ ಫ್ಯಾನು ಕಾಣಿಸುತ್ತಲೇ ಇರಲಿಲ್ಲ. ಅದರ ತುಂಬ ಕುಂಕುಮ, ಅರಿಷಿಣ, ಭಂಡಾರ, ನಾಲ್ಕು ಕಾಳು ಅಕ್ಷತೆ, ಒಣಗಿದ ಸೇವಂತಿಗೆ ಎಸಳು. ಮಹಾನವಮಿಗೆ ನಮ್ಮಲ್ಲಿ ಖಂಡೇ ಪೂಜೆ, ಅಂದರೆ ಆಯುಧಪೂಜೆ. ಮನೆಯ ಸ್ಕೂಟರು, ಹೊಲಿಗೆ ಯಂತ್ರ, ಮಿಕ್ಸರು ಎಲ್ಲಕ್ಕೂ ಪೂಜೆ ನನ್ನದೇ. ಲ್ಯಾಪ್‌ಟಾಪ್ ಅವುಗಳಲ್ಲೆಲ್ಲ ಮೇಲಿನದೆಂದು ಪ್ರತಿ ವರ್ಷ ಅದಕ್ಕೆ ಒಂದು ಚಿಟಿಕೆ ಹೆಚ್ಚು ಹಾಕುತ್ತಿದ್ದೆ, ಅದೂ ಗಾಳಿ ಆಡುವ ಕಿಂಡಿಗೇ, ಉಸಿರಾಡುವ ಜಾಗವೆಂದು.

ಹೋದ ಸಲ ಬಿಚ್ಚಿದಾಗ ಇದು ಕಾಣಲಿಲ್ಲವೇ ಎಂದು ದಾದಾಪೀರನನ್ನು ಕೇಳಿದೆ.

"ಕಂಡಿತ್ತರಿ ಸರ. ನೀವು ಪೂಜಾ ಮಾಡಿ ಏರಿಸಿದ್ದು, ನಾ ಹೆಂಗ ಝಾಡಸ್ಲಿ? ಕೇಳೂಣಂದ್ರ ನೀವು ಚಾ ಕುಡ್ಯಾಕ ಹೋಗಿದ್ರಿ. ಕೈ ಮುಗದು, ಸುತ್ತೂಕಡೆ ಅಷ್ಟ ಕೆಲಸಾ ಮಾಡಿ ಮುಚ್ಚಿದೆ."

ನಾನೂ ಅವನೂ ಆ ಕುಂಕುಮದ ಗುಡ್ಡೆಯನ್ನು ನೋಡುತ್ತ ನಿಂತೆವು. ಯಾರು ಮೊದಲು ಕೈ ಹಾಕುವುದು? ಶೈಲಾ ಮೇಜಿನ ಮೇಲಿದ್ದ ಬ್ರಶ್ ತೆಗೆದುಕೊಂಡಳು.

"ಜಗಲಿಮ್ಯಾಲ ದೇವರಿಗೆ ಏರಿಸಿದ್ದನ್ನ ನಾ ದಿನಾ ಮುಂಜಾನೆ ಒರಸ್ತೇನಿ. ದೇವರು ಒಂದಿನಾನೂ ಸಿಟ್ಟಾಗಿಲ್ಲ. ಅತ್ತಾಗ ಸರೀರಿ ಇಬ್ರೂ."

ಫ್ಯಾನು ತಿರುಗಿತು. ಲ್ಯಾಪ್‌ಟಾಪು ಮತ್ತೆ ಆರಲಿಲ್ಲ. ಬಿಸಿಯಾದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ತಾನೇ ನಿಧಾನವಾಗುತ್ತದೆ, ಹಳೆಯ ಪ್ರೊಸೆಸರಿನ ತಪ್ಪೇನೂ ಇರಲಿಲ್ಲ, ಹೊಸದು ಇನ್ನೂ ಹೆಚ್ಚು ಬಿಸಿಯಾಗುತ್ತಿದ್ದರಿಂದ ಉಸಿರು ಕಟ್ಟಿತು ಎಂದು ದಾದಾಪೀರ ಸಮಾಧಾನದಿಂದ ತಿಳಿಸಿಕೊಟ್ಟ. ಕಾಲೇಜಿನಲ್ಲಿ ಹದಿನೆಂಟು ವರ್ಷದಿಂದ ಉಷ್ಣದ ಪಾಠ ಮಾಡುತ್ತಿದ್ದ ನಾನು ತಲೆಯಾಡಿಸುತ್ತ ಕೇಳಿಕೊಂಡೆ.

ಶೈಲಾ ಎರಡು ದಿನ ಮುಂಚೆಯೇ ಪ್ರಬಂಧ ಒಪ್ಪಿಸಿದಳು. ಕರೀ ರಟ್ಟಿನ ಪ್ರತಿಯೊಂದು ಈಗಲೂ ಪಡಸಾಲೆಯಲ್ಲಿದೆ. ಮೊದಲ ಪುಟದಲ್ಲಿ ಕೆಲಗೇರಿಯ ಅಜ್ಜಿಯರಿಗೂ ದಾದಾಪೀರನಿಗೂ ವಂದನೆ ಹೇಳಿ, ಕೊನೆಯಲ್ಲಿ ಒಂದು ಸಾಲು ಬರೆದಿದ್ದಾಳೆ: "ಕಡೆಯ ಹತ್ತು ದಿನ ಲ್ಯಾಪ್‌ಟಾಪನ್ನು ಮುಟ್ಟದೆ ಸಹಕರಿಸಿದ ನನ್ನ ಪತಿಗೆ ನಾನು ಋಣಿ." ಬಂದವರಿಗೆಲ್ಲ ಆ ಸಾಲು ಓದಿಸಿ ನಗುತ್ತಾಳೆ, ನಾನೂ ನಗುತ್ತೇನೆ. ಏಳು ವರ್ಷದ ಸಂಶೋಧನೆಯಲ್ಲಿ ತಪ್ಪಿರುವುದು ಆ ಸಾಲೊಂದರಲ್ಲೇ. ಐದನೆಯ ದಿನ ಅವಳು ಶಾಲೆಗೆ ಹೋಗಿದ್ದಾಗ, ಕೀಲಿಮಣೆಯ ಸಂದಿಯಲ್ಲಿ ಏನೋ ಕೆಂಪಗೆ ಕಂಡಿತೆಂದು, ಒಂದು ಕೀಲಿಯನ್ನು ಚಮಚದಿಂದ ಎಬ್ಬಿಸಿ ಒರೆಸಿ ಮತ್ತೆ ಕೂರಿಸಿದ್ದೆ. ನನ್ನ ಪುಣ್ಯಕ್ಕೆ ಕೂತಿತು. ಶೈಲಾಳಿಗೆ ಇನ್ನೂ ಹೇಳಿಲ್ಲ.