ಬೀರಣ್ಣನ ಒಡಪು

ಬೀರಣ್ಣನಿಗೆ ಹೆಂಡತಿಯ ಹೆಸರು ಗೊತ್ತಿರಲಿಲ್ಲವೆಂದಲ್ಲ. ಬೇಕಾದಾಗ ಬಾಯಿಗೆ ಬರುತ್ತಿರಲಿಲ್ಲ, ಅಷ್ಟೆ. ಗೊಬ್ಬೂರಿನ ಮದುವೆಯಲ್ಲಿ ಹೆಂಗಸರು ಬಾಗಿಲು ತಡೆದು, "ಹೆಂಡ್ತಿ ಹೆಸರಿಟ್ಟು ಒಡಪು ಹೇಳ್ರಿ, ಆಮ್ಯಾಲ ಒಳಗ ಬರ್ರಿ" ಎಂದಾಗ ಈತ ಬೆವರೊರೆಸಿಕೊಂಡು ತನ್ನ ಎತ್ತಿನ ಹೆಸರು ಹೇಳಿದ್ದ. ಆ ಸುದ್ದಿ ಆಳಂದದ ಸಂತೆಯವರೆಗೂ ಹೋಗಿತ್ತು.

ಈಗ, ಸಾವಿರದ ಒಂಬೈನೂರ ನಲವತ್ತೆಂಟರ ಬೇಸಿಗೆಯಲ್ಲಿ, ಅಫಜಲಪುರದಲ್ಲಿ ನಾದಿನಿಯ ಮದುವೆ. ಬೆಳಗಾಗುತ್ತಲೇ ಹೆಂಡತಿ ಗಂಗುಬಾಯಿ ಖಡಾಖಂಡಿತ ಹೇಳಿದಳು:

"ಈ ಸಲ ನನ್ನ ತವರುಮನಿ ಬಾಗಲದಾಗ ಮಾನ ಕಳದ್ರ, ಮಕ್ಕಳನ್ನ ಕರಕೊಂಡು ನಾ ಅಲ್ಲೇ ಉಳೀತೇನಿ. ನೀವೊಬ್ರೇ ನಿಂಬರ್ಗಾದ ಮನಿಗಿ ಬಂದು ರೊಟ್ಟಿ ಬಡಕೊಂಡು ತಿನ್ರಿ."

ಬೀರಣ್ಣ ಒಮ್ಮೆ ರೊಟ್ಟಿ ಬಡಿದಿದ್ದ. ನಾಯಿ ಅದನ್ನು ಮೂಸಿ, ಅವನ ಮುಖ ನೋಡಿ, ಹೊರಟುಹೋಗಿತ್ತು. ಹೆಂಡತಿ ಮಕ್ಕಳಿಲ್ಲದ ಮನೆಯನ್ನು ನೆನೆದು ಅವನು ಒಡಪು ಕಲಿಯಲು ಒಪ್ಪಿಕೊಂಡ.

ಒಡಪು ಕಟ್ಟಿದವಳು ಗಂಗುಬಾಯಿಯೇ. ತನ್ನ ಮೇಲೆ ತಾನೇ ಕಟ್ಟಿದ್ದರಿಂದ ಹೊಗಳಿಕೆಗೆ ಬರವಿರಲಿಲ್ಲ:

ತೊಗರಿಯ ಹೊಲದಾಗ ಹಳದಿಯ ಹೂವು,
ತವರಿನ ಬಾಗಿಲಿಗಿ ಹಸರಿನ ಮಾವು,
ಸಿಟ್ಟಿಲ್ಲ ಸೆಡವಿಲ್ಲ, ಮಾತೆಲ್ಲ ಬೆಲ್ಲ,
ಗಂಗುಬಾಯಿಯಂಥಾಕಿ ಊರಾಗ ಇಲ್ಲ!

ಅಪ್ಪನಿಗೆ ಧೈರ್ಯ ಬರಲೆಂದು ಮಕ್ಕಳಾದ ಅಮೋಘಸಿದ್ದ, ಹಣಮವ್ವ ಇಬ್ಬರೂ ಜೊತೆಗೆ ಕೂತು ಬಾಯಿಪಾಠ ಮಾಡಿದರು. ಬೀರಣ್ಣ ಮಾವಿನವರೆಗೆ ಸಲೀಸಾಗಿ ಬರುತ್ತಿದ್ದ. ಮೂರನೆಯ ಸಾಲಿನಲ್ಲಿ ಬಂಡಿ ಹೂತುಬಿಡುತ್ತಿತ್ತು.

"ಸಿಟ್ಟಿಲ್ಲ ಸೆಡವಿಲ್ಲ... ಮುಂದೇನ ಬೇ?"

"ಮಾತೆಲ್ಲ ಬೆಲ್ಲ ಅನ್ರಿ! ಎಮ್ಮಿಗಿ ಕಲಿಸಿದ್ರ ಇಷ್ಟೊತ್ತಿಗಿ ಹಾಡತಿತ್ತು! ತಲ್ಯಾಗ ಮೆದುಳದನೋ, ಸಗಣಿ ಅದನೋ!"

ಬಂಡಿ ಹೂಡಿದ ಮೇಲೂ ದಾರಿಯುದ್ದಕ್ಕೂ ಇದೇ ನಡೆಯಿತು. ಬಂಡಿ ತಡೆದು ತಪಾಸಣೆ ಮಾಡುವ ನಾಕಾದಲ್ಲಿ ಪೋಲೀಸ ಇಮಾಮಸಾಬ ಬಂದೂಕು ಅಡ್ಡ ಹಿಡಿದ. ಆ ಸೀಮೆಗೆ ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ; ನಾಲ್ಕು ಜನ ಕೂಡಿ ಒಂದೇ ಮಾತು ಕೂಗಿದರೆ ಸರ್ಕಾರ ಸಂಶಯಪಡುವ ಕಾಲ ಅದು.

"ಏನ್ರೀ ನಾರಾ ಕೂಗ್ಲಿಕ್ಹತ್ತೀರಿ? ಗಲಾಟೆ ಮಾಡ್ಲಿಕ್ಕ ಹೊಂಟೀರೇನು?"

ಬಂದೂಕು ಕಂಡ ಬೀರಣ್ಣ ನಾಲ್ಕೂ ಸಾಲನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಇಮಾಮಸಾಬ ಗಡ್ಡ ನೀವಿಕೊಂಡ.

"ಇಷ್ಟಕ್ಕ ಇಡೀ ಖಾನದಾನ ಬೇಕೇನ್ರಿ? ಛಲೋ ಅದ. ನಮ್ಮ ಬಾನುಬಿ ಹೆಸರಿಟ್ಟು ಇನ್ನೊಮ್ಮಿ ಹೇಳ್ರಿ, ಮನ್ಯಾಗ ಹೇಳ್ತೇನಿ."

ಅದನ್ನೂ ಹೇಳಬೇಕಾಯಿತು, ಇಮಾಮಸಾಬನಿಗೆ ಬಾಯಿಗೆ ಬರುವವರೆಗೂ. ಬಂಡಿ ಮುಂದೆ ಸಾಗುತ್ತಲೇ ಗಂಗುಬಾಯಿ ಬೆರಳೆತ್ತಿದಳು: "ಬಾಗಲದಾಗ ಬಾನುಬಿ ಅಂದ್ರ ನೋಡ್ರಿ ಮತ್ತ!" ಅಲ್ಲಿಂದ ಬೀರಣ್ಣನಿಗೆ ಬಾನುಬಿ ಬಿಟ್ಟು ಬೇರೆ ಹೆಸರೇ ಹೊಳೆಯಲಿಲ್ಲ.

ಅಫಜಲಪುರದಲ್ಲಿ ಹೆಂಗಸರು ಬಾಗಿಲು ತುಂಬ ನಿಂತಿದ್ದರು. ಬೀರಣ್ಣ ಕಣ್ಣು ಮುಚ್ಚಿದ. ಹೂವು ಬಂತು, ಮಾವು ಬಂತು, ಬೆಲ್ಲ ಬಂತು. "ಬಾ..." ಎಂದ. ಹೆಂಡತಿಯ ಕೆಮ್ಮು ಕೇಳಿಸಿತು. "ಗಂಗುಬಾಯಿಯಂಥಾಕಿ ಊರಾಗ ಇಲ್ಲ!"

ಹೋ ಎಂದು ಹೆಂಗಸರು ಬಾಗಿಲು ಬಿಟ್ಟರು. ಗಂಗುಬಾಯಿ ಸೆರಗು ಸರಿಮಾಡಿಕೊಂಡು ಎಲ್ಲರನ್ನೂ ನೋಡಿದಳು. ಬೀರಣ್ಣನ ಅತ್ತೆ ತುಳಜಾಬಾಯಿ ಹಿಗ್ಗಿ, ಮೊಮ್ಮಕ್ಕಳ ಗಲ್ಲ ಹಿಡಿದು, "ನಿಮಗೂ ಬರ್ತದೇನು?" ಎಂದಳು.

ಮಕ್ಕಳಿಗೆ ಬರುತ್ತಿತ್ತು. ತಾವು ಕೇಳಿದ್ದೆಲ್ಲವೂ ಒಡಪೇ ಎಂದು ತಿಳಿದಿದ್ದರು. ಅಮೋಘಸಿದ್ದ, "ಸಿಟ್ಟಿಲ್ಲ ಸೆಡವಿಲ್ಲ... ಮುಂದೇನ ಬೇ?" ಎಂದ. ಹಣಮವ್ವ ಸೊಂಟದ ಮೇಲೆ ಕೈಯಿಟ್ಟು, ಎಮ್ಮೆಯಿಂದ ಸಗಣಿಯವರೆಗೆ ಒಂದಕ್ಷರ ಬಿಡದೆ ರಾಗವಾಗಿ ಒಪ್ಪಿಸಿದಳು.

ತುಳಜಾಬಾಯಿ ಮೊಮ್ಮಕ್ಕಳ ಗಲ್ಲ ಬಿಟ್ಟು ಮಗಳ ಕಡೆ ತಿರುಗಿದಳು.

"ಅಳಿಯ ದೇವರಂಥಾಂವ, ಖೋಟಾ ಇದ್ದಾಕಿ ನನ್ನ ಮಗಳು!" ಎಂದಳು ತುಳಜಾಬಾಯಿ. "ಗಂಡಗ ಹಿಂಗ ಅಂತಾರೇನ? ಇಕಿ ಇಲ್ಲೇ ಇರಲಿ. ಮಾತಾಡೋದು ಕಲಿಸಿ ದೀಪಾವಳಿಗಿ ಕಳಸ್ತೇನಿ."

"ಬ್ಯಾಡ್ರಿ ಅತ್ತಿ! ನನಗ ರೂಢಿ ಆಗ್ಯಾದ್ರಿ!"

"ನೋಡ್ರೇ, ಎಂಥಾ ಗುಣಾ!"

"ಮಕ್ಕಳನ್ನಾದ್ರೂ ಕಳಸ್ರಿ..."

"ಅವೂ ಇರಲಿ. ಕಲ್ತದ್ದು ಮರೀಬೇಕಲ್ಲ."

ಸಂಜೆ ಬೀರಣ್ಣ ಒಬ್ಬನೇ ಬಂಡಿ ಹೂಡಿದ. ಬಾಗಿಲಲ್ಲಿ ಗಂಗುಬಾಯಿ ತಾಯಿಯ ಕಣ್ಣೆದುರು ತಲೆತಗ್ಗಿಸಿ, ಬಲು ಮೆತ್ತಗೆ, "ಹೋಗಿ ಬರ್ರಿ" ಎಂದಳು. ಮದುವೆಯಾದಂದಿನಿಂದ ಅವಳ ಬಾಯಲ್ಲಿ ಅಷ್ಟು ಮೆತ್ತನೆಯ ಮಾತು ಬಂದದ್ದು ಅದೇ ಮೊದಲು. ಬೀರಣ್ಣನಿಗೆ ಅಳು ತಡೆಯಲಾಗಲಿಲ್ಲ.