ಕಿಟಕಿ ಪಕ್ಕದ ಟ್ಯೂಬ್ ಮೂಟೆ

ನನ್ನ ಬಾಳಿನಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತೆ, ಅದು ಶುರುವಾಗೋದು ಮಾತ್ರ 'ಸುಸ್' ಅನ್ನೋ ಸದ್ದಿನಿಂದಲೇ. ನಾನು ಪೀಣ್ಯದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಓಡಿಸುವವನು. ಜಾಲಹಳ್ಳಿ ಕಡೆಯ ವಠಾರದಿಂದ ಸೈಕಲ್‌ನಲ್ಲಿ ಹೋಗಿ ಬರುತ್ತೇನೆ. ದಾರಿ ತುಂಬ ಲೇತ್‌ನಿಂದ ಉದುರಿದ ಕಬ್ಬಿಣದ ಸುರುಳಿ ಚೂರು. ಬೆಳಗಿನ ಬಿಸಿಲಿಗೆ ಅದು ಮಿನುಗುವಾಗ ಯಾರೋ ರಂಗೋಲಿ ಬಿಟ್ಟಿದ್ದಾರೆ ಅನ್ನಿಸುತ್ತೆ. ನೋಡುತ್ತಾ ಮೈಮರೆತು ಅದರ ಮೇಲೇ ಹೋಗುತ್ತೇನೆ. ಆಮೇಲೆ ಸುಸ್.

ಪಂಚರ್ ಆಗಿ ಆಗಿ ಹಾಳಾದ ಹಳೇ ಟ್ಯೂಬ್ ಬಿಸಾಡೋಕೆ ನನಗೆ ಮನಸ್ಸೇ ಬರಲ್ಲ. ಒಂದೊಂದೂ ನನ್ನನ್ನು ಎಷ್ಟು ದೂರ ಹೊತ್ತಿದೆ ಹೇಳಿ! ತೊಳೆದು, ಒಣಗಿಸಿ, ಮೂಟೆ ಕಟ್ಟಿ ಇಟ್ಟಿದ್ದೆ. ನಮ್ಮದು ಒಂದೇ ರೂಮು. ಇರುವ ಒಂದು ಕಿಟಕಿಯ ಪಕ್ಕ, ಬೆಳಕು ಬೀಳುವ ಮೂಲೆಯಲ್ಲಿ ನನ್ನ ಮೂಟೆ. ಹೆಂಡತಿ ಬ್ಲೌಸ್ ಹೊಲಿಯುವವಳು, ಅವಳ ಮೆಷಿನ್‌ಗೆ ಆ ಮೂಲೆ ಬೇಕಿತ್ತು. ಯುಗಾದಿ ದಿನ ಹೋಳಿಗೆ ಬಡಿಸುತ್ತಲೇ ಪಂದ್ಯ ಕಟ್ಟಿದಳು.

"ಆಯುಧಪೂಜೆ ತನಕ ನಿಮ್ಮ ಸೈಕಲ್ ಪಂಚರ್ ಆಗ್ಲಿಲ್ಲ ಅಂದ್ರೆ ಮೂಟೆ ಇಲ್ಲೇ ಇರ್ಲಿ. ಆಯ್ತೋ, ಮೂಟೆ ಆಚೆಗೆ, ಮೆಷಿನ್ ಆ ಮೂಲೆಗೆ."

ಬಾಯಲ್ಲಿ ಹೋಳಿಗೆ ಇತ್ತು, ಹೂಂ ಅಂದುಬಿಟ್ಟೆ.

ಮೂರು ಪದರ

ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಟೈರಿಗೂ ಒಳಗಿನ ಟ್ಯೂಬಿಗೂ ನಡುವೆ ಹಾಸಿದರೆ ಮುಳ್ಳು, ಚೂರು ಸುಲಭಕ್ಕೆ ಒಳಗೆ ಇಳಿಯಲ್ಲ. ಒಂದು ಪದರ ಸಾಕು. ಮೂಟೆ ಉಳಿಸಿಕೊಳ್ಳೋ ಆಸೆಗೆ ನಾನು ಮೂರು ಹಾಸಿದೆ.

ಮಾರನೇ ಬೆಳಿಗ್ಗೆ ಸೈಕಲ್ ತುಂಬಿದ ಬಸುರಿಯ ಹಾಗೆ ಹೊರಟಿತು. ತೆಳ್ಳಗೆ ಮಂಜು. ಮೇಲೆ ಮೆಟ್ರೋ ಜಾರಿ ಹೋಯಿತು. ಮರದಿಂದ ಹಳದಿ ಹೂ ಒಂದೊಂದೇ ಉದುರುತ್ತಿತ್ತು. ಎಷ್ಟು ತುಳಿದರೂ ನಾನು ಅದೇ ಮರದ ಕೆಳಗೇ ಇದ್ದೆ, ಆದರೂ ಏನೋ ಒಂಥರಾ ಸುಖ. ಪಕ್ಕದ ಮೆಷಿನ್‌ನಲ್ಲಿ ಕೆಲಸ ಮಾಡುವ ಹಾವೇರಿ ಕಡೆಯ ಗೆಳೆಯ ದಿನಾ ನಡೆದೇ ಬರುವವನು. ನನ್ನನ್ನು ದಾಟಿ ಮುಂದೆ ಹೋದ. ಪಾಪ ಅನ್ನಿಸಿತೇನೋ, ನಿಂತು ತಿರುಗಿ ನೋಡಿದ.

"ಲೇಟ್ ಆಗ್ತೈತಿ ಅಣ್ಣಾ, ಸೈಕಲ್ ಇಳದು ಲಗೂನ ನಡ್ಕೋತ ಬಾ."

ಬಾಗಿಲ ಪಟ್ಟಿ

ಸಂಜೆ ಎರಡು ಪದರ ಕಿತ್ತೆ. ಅದರಲ್ಲೊಂದು ಪಟ್ಟಿಯನ್ನು ನಮ್ಮ ಬಾಗಿಲಿಗೆ ಹೊಡೆದೆ. ತೆರೆದು ಬಿಟ್ಟರೆ ತಾನೇ ಎಳೆದು ಮುಚ್ಚಿಕೊಳ್ಳಲಿ ಅಂತ.

ನಮ್ಮ ವಠಾರದ ಓನರ್ ಅಜ್ಜಿ ಇಲ್ಲಿಯ ಹಳೇ ಊರಿನವರು. ವಠಾರ ನಿಂತಿರೋದೇ ಅವರ ರಾಗಿ ಹೊಲದ ಮೇಲೆ. ಮಾತಾಡಿಸೋಕೆ ಬಂದರೆ "ಬತ್ತೀನಿ ಕಣವ್ವ" ಅಂತ ಕುಂಕುಮ ಇಟ್ಟುಕೊಂಡು ಏಳುತ್ತಾರೆ, ನಿಜವಾದ ಮಾತು ಶುರುವಾಗೋದು ಹೊಸಲಿನ ಮೇಲೆ ನಿಂತಾಗ. ಅವತ್ತೂ ಅಷ್ಟೇ, ನಮ್ಮ ಅಡುಗೆ ಕಟ್ಟೆ ಇರುವ ಕಡೆ ರಾಗಿ ತೆನೆ ಹೇಗೆ ತೂಗುತ್ತಿತ್ತು ಅಂತ ಕೈ ಆಡಿಸಿ ತೋರಿಸುತ್ತಿದ್ದರು. ಕೇಳುತ್ತಾ ಕೇಳುತ್ತಾ ನಾನು ಹೊಲದಲ್ಲೇ ಇದ್ದೆ. ಅಜ್ಜಿ ಬಾಗಿಲ ಮೇಲಿಟ್ಟಿದ್ದ ಇನ್ನೊಂದು ಕೈಯನ್ನೂ ತೆಗೆದರು. ಟ್ಯೂಬ್ ತನ್ನ ಕೆಲಸ ಮಾಡಿತು. ಬಾಗಿಲು ಅವರನ್ನು ಮೆತ್ತಗೆ ಆಚೆಗೆ ತಳ್ಳಿ, ಮಾತಿನ ಅರ್ಧದಲ್ಲೇ ಮುಚ್ಚಿಕೊಂಡಿತು.

ಇನ್ನು ಮನೆ ಖಾಲಿ ಮಾಡಿ ಅಂತಾರೆ ಅಂತ ಹೆಂಡತಿ ತಲೆ ಮೇಲೆ ಕೈ ಹೊತ್ತಳು. ಬೆಳಗಾಗುವಷ್ಟರಲ್ಲಿ ಅಜ್ಜಿ ಬಾಗಿಲಲ್ಲಿ ಹಾಜರ್.

"ನಮ್ಮನೆ ಬಾಗ್ಲಿಗೂ ಅಂಥದ್ದೊಂದು ಆಕ್ಕೊಡಪ್ಪ. ನಾದಿನಿ ಬತ್ತವ್ಳೆ."

ಅವರ ರೋಡು

ಒಂದೇ ಪದರ ಉಳಿಯಿತಲ್ಲ, ಧೈರ್ಯ ಸಾಲದು. ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ಒಂದನ್ನು ಟ್ಯೂಬ್ ಪಟ್ಟಿಯಿಂದ ಮುಂದಿನ ಚಕ್ರದ ಮುಂದೆ, ನೆಲಕ್ಕೆ ತಾಗೀತೋ ಇಲ್ಲವೋ ಅನ್ನುವಂತೆ ಇಳಿಬಿಟ್ಟೆ. ಚಕ್ರ ಬರುವ ಮೊದಲೇ ಚೂರೆಲ್ಲ ಅದಕ್ಕೆ ಅಂಟಿಕೊಳ್ಳುತ್ತಿತ್ತು. ಗುಡಿಸಿದ ದಾರಿಯಲ್ಲಿ ರಾಜನ ಹಾಗೆ, ಮೋಡ ನೋಡುತ್ತಾ ಹೋದೆ.

ನಮ್ಮ ಕಡೆ ಹಗ್ಗಕ್ಕೆ ಮ್ಯಾಗ್ನೆಟ್ ಕಟ್ಟಿ ರಸ್ತೆಯಲ್ಲಿ ಎಳೆದು, ಸಿಕ್ಕ ಕಬ್ಬಿಣವನ್ನು ಗುಜರಿಗೆ ಹಾಕುವವರಿದ್ದಾರೆ. ಅಂಥ ಒಬ್ಬಾಕೆ ಕೆಲವು ದಿನ ನನ್ನನ್ನೇ ಗಮನಿಸಿ, ಕೊನೆಗೆ ಹ್ಯಾಂಡಲ್ ಹಿಡಿದು ನಿಲ್ಲಿಸಿದಳು. ಜಗಳಕ್ಕಲ್ಲ, ಪಕ್ಕಾ ವ್ಯವಹಾರಸ್ಥೆಯ ಹಾಗೆ.

"ಅಣ್ಣ, ಈ ರೋಡು ನಮ್ದು. ನೀವು ಆ ಕಡೆ ಕ್ರಾಸ್ ನೋಡ್ಕೊಳ್ಳಿ."

ಚೆಂಡುಹೂವಿನ ಹಾರ

ಅಂತೂ ಆಯುಧಪೂಜೆ ಬಂತು. ಪಂಚರ್ ಇಲ್ಲ! ಇನ್ನು ಆ ಒಂದು ಸಂಜೆ ಕಳೆದರೆ ಮೂಟೆ ನನ್ನದೇ. ದಿನಾ ಮಲಗುವ ಮುಂಚೆ ಅದನ್ನೊಮ್ಮೆ ತಟ್ಟುತ್ತಿದ್ದೆ. ಮೆತ್ತಗೆ, ತುಂಬಿಕೊಂಡೇ ಇರುತ್ತಿತ್ತು.

ಸೈಕಲ್ ತೊಳೆದು ಅಂಗಳದಲ್ಲಿ ನಿಲ್ಲಿಸಿದೆ. ಹೆಂಡತಿ ತಾನೇ ಪೋಣಿಸಿದ ಚೆಂಡುಹೂವಿನ ಹಾರವನ್ನು ಮುಂದಿನ ಚಕ್ರಕ್ಕೆ ಸುತ್ತಿ, ಬಿಗಿಯಾಗಿ ಎಳೆದು ಗಂಟು ಹಾಕಿದಳು. ಮಂಗಳಾರತಿ ಎತ್ತಿದಳು. ವಠಾರವೆಲ್ಲ ಕೈ ಮುಗಿದು ನಿಂತಿದೆ, ಕರ್ಪೂರದ ಹೊಗೆ, ನನ್ನ ಕಣ್ಣು ಅರ್ಧ ಮುಚ್ಚಿದೆ. ಆಗ ಸುಸ್.

ಹಾರದ ದಾರದ ತುದಿಯಲ್ಲೇ ಸೂಜಿ ಉಳಿದುಬಿಟ್ಟಿತ್ತು. ಟೈರಿನ ಪಕ್ಕಕ್ಕೆ, ನಾನು ಪದರ ಹಾಸದ ಜಾಗಕ್ಕೇ ಇಳಿದಿತ್ತು. ಎಲ್ಲರೂ ನನ್ನ ಮುಖ ನೋಡಿದರು. ನಾನು ಹೆಂಡತಿ ಮುಖ ನೋಡಿದೆ. ಅವಳು ಸೂಜಿ ನೋಡಿದಳು.

ನನ್ನ ಮುಖ ನೋಡಿ ಕರಗಿದಳೇನೋ, ಹೂವಿನ ಸೂಜಿ ಲೆಕ್ಕಕ್ಕಿಲ್ಲ ಅಂದಳು. ಅಬ್ಬಾ ಅಂತ ಪ್ಯಾಚ್‌ಗೆ ಒಂದು ತುಂಡು ತರೋಕೆ ಒಳಗೆ ಓಡಿ, ತಿಂಗಳುಗಳ ಮೇಲೆ ಮೂಟೆ ಬಿಚ್ಚಿದೆ. ಒಳಗೆ ಅವಳ ಹಳೇ ಸೀರೆಗಳು! ಒಂದು ಟ್ಯೂಬೂ ಇಲ್ಲ.

"ಹೆಂಗಿದ್ರೂ ಪಂಚರ್ ಆಗುತ್ತಲ್ಲ ಅಂತ ಕೇಳಿದೋರಿಗೆಲ್ಲ ಕೊಟ್ಬಿಟ್ಟೆ ಕಣ್ರೀ," ಅಂದಳು ಬಾಗಿಲಲ್ಲಿ ನಿಂತು. "ನಿಮಗೆ ಬೇಜಾರಾಗ್ಬಾರ್ದು ಅಂತ ಸೀರೆ ತುಂಬ್ದೆ."

ಆಚೆ ಬಂದು ನೋಡಿದರೆ ಬಟ್ಟೆ ಹಗ್ಗ ನನ್ನ ಟ್ಯೂಬು, ಗಾಳಿಗೆ ಮೆಲ್ಲಗೆ ಕುಣಿಯುತ್ತಿದೆ. ನೀರಿನ ಡ್ರಮ್ಮಿನ ಮುಚ್ಚಳ ಬಿಗಿದಿರೋದು ನನ್ನ ಟ್ಯೂಬು. ಬಕೆಟ್ ಹಿಡಿಗೆ, ಮುರಿದ ಕುರ್ಚಿಯ ಕಾಲಿಗೆ ಸುತ್ತಿದ್ದು, ಎಲ್ಲ ನನ್ನವೇ. ಸಂತೋಷಕ್ಕೋ ಸಂಕಟಕ್ಕೋ, ಕಣ್ಣು ತುಂಬಿ ಬಂತು. ಆ ಸಂಜೆಯೇ ಹೊಲಿಗೆ ಮೆಷಿನ್ ಎತ್ತಿ ನಾನೇ ಕಿಟಕಿ ಪಕ್ಕ ಇಟ್ಟೆ.

ಆದರೆ ಪ್ಯಾಚ್‌ಗೆ ತುಂಡು ಬೇಕಲ್ಲ. ನನ್ನದೇ ಟ್ಯೂಬಿಗೆ ನಾನೇ ಮನೆ ಮನೆ ಅಲೆದೆ. ಬಟ್ಟೆ ಒಣಗಿಲ್ಲ, ಕುರ್ಚಿ ಮೇಲೆ ಯಜಮಾನರು ಕೂತಿದ್ದಾರೆ ಅಂತ ಎಲ್ಲರೂ ಜಾರಿಕೊಂಡರು. ಕೊನೆಗೆ, ನಮ್ಮ ಬಾಗಿಲಿಂದಲೇ ಕಿತ್ತು ಹಾಕಿಕೊಟ್ಟಿದ್ದ ಪಟ್ಟಿ ನೆನಪಾಗಿ ಓನರ್ ಅಜ್ಜಿಯ ಬಾಗಿಲು ತಟ್ಟಿದೆ. ಅಜ್ಜಿ ಬಾಗಿಲನ್ನು ಒಂದಿಷ್ಟೇ ತೆರೆದು, ಬಿಗಿದು ನಿಂತಿದ್ದ ಪಟ್ಟಿಯನ್ನು ಸವರಿ, ಒಳಗೊಮ್ಮೆ ತಿರುಗಿ ನೋಡಿ, ಪಿಸುಗುಟ್ಟಿದರು.

"ಈಗ ಬ್ಯಾಡ ಕಣಪ್ಪ. ನಾದಿನಿ ಇನ್ನೂ ಒಳ್ಗೇ ಅವ್ಳೆ."